ಕಂದು ಹಲ್ಲೆಲ್ಲ ಹುಳುಕಲ್ಲ, ಕ್ಯಾಪ್ ಹಾಕಿಸಿದ ಹಲ್ಲಿಗೆ ಹುಳುಕು ತಪ್ಪಿದ್ದಲ್ಲ

"ಹಲ್ಲಿಗೆ ಒಮ್ಮೆ ಕ್ಯಾಪ್ ಹಾಕಿಸಿದರೆ ಮುಗೀತು, ಆ ಹಲ್ಲಿಗೆ ಜೀವಮಾನದಲ್ಲಿ ಹುಳ ಹಿಡಿಯಲ್ಲ." "ಫ್ಲೋರೈಡ್ ವಿಷ, ಫ್ಲೋರೈಡ್ ಇರೋ ಪೇಸ್ಟ್ ಇವತ್ತೇ ಬಿಸಾಕಿ." "ಪೇಸ್ಟ್ ಟ್ಯೂಬಿನ ಬುಡದಲ್ಲಿ ಕಪ್ಪು ಪಟ್ಟಿ ಇದ್ದರೆ ಅದು ಬರೀ ಕೆಮಿಕಲ್." ಈ ಧಾಟಿಯ ಮೆಸೇಜುಗಳು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತವೆ. ಕೊನೆಯಲ್ಲಿ ಕೈಮುಗಿಯುವ ಎರಡು ಇಮೋಜಿ, "ಹತ್ತು ಜನರಿಗೆ ಕಳಿಸಿ" ಅನ್ನುವ ಸಾಲು.

ಬೇರೆ ಊರಿನವರು ಇವನ್ನು ಓದಿ ಮರೆತುಬಿಡಬಹುದು. ಮೊಳಕಾಲ್ಮೂರು ತಾಲ್ಲೂಕಿನ ಬಿ.ಜಿ. ಕೆರೆಯಲ್ಲಿ, ಚಳ್ಳಕೆರೆ ಸುತ್ತಿನ ಹಳ್ಳಿಗಳಲ್ಲಿ ಇರುವವರಿಗೆ ಹಾಗಲ್ಲ. ಈ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಬೋರ್‌ವೆಲ್ ನೀರು ಕುಡಿದು ಬೆಳೆದ ಎಷ್ಟೋ ಜನರ ಮುಂದಿನ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಹಳದಿ ಗೆರೆ, ಕಂದು ಪಟ್ಟೆ ಇರುತ್ತವೆ. ಫೋಟೋ ತೆಗೆಯುವಾಗ ತುಟಿ ಬಿಗಿ ಹಿಡಿದು ನಗುವುದು ಅವರಿಗೆ ರೂಢಿಯಾಗಿರುತ್ತದೆ. ಮದುವೆ ಮಾತುಕತೆ ಶುರುವಾದಾಗ, ಕೆಲಸದ ಇಂಟರ್‌ವ್ಯೂ ಹತ್ತಿರ ಬಂದಾಗ, "ಮುಂದಿನ ಆರು ಹಲ್ಲಿಗೆ ಕ್ಯಾಪ್ ಹಾಕಿಸಿಬಿಡು" ಅನ್ನುವ ಸಲಹೆ ಯಾರಾದರೂ ಕೊಡುತ್ತಾರೆ. ಗಟ್ಟಿಮುಟ್ಟಾದ ಆರು ಹಲ್ಲುಗಳನ್ನು ಅರೆದು ಟೋಪಿ ತೊಡಿಸಬೇಕೋ ಬೇಡವೋ ಅನ್ನುವ ನಿರ್ಧಾರ ಅರೆಬರೆ ಮಾಹಿತಿಯ ಮೇಲೆ ನಡೆದುಹೋಗುತ್ತದೆ. ಅರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಈ ಫಾರ್ವರ್ಡುಗಳನ್ನು ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡೋಣ.

ಕಂದು ಬಣ್ಣ ಎಲ್ಲಿಂದ ಬಂತು?

ಚಿತ್ರದುರ್ಗ ಜಿಲ್ಲೆಯ ಈ ಮೂಲೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಾಗಗಳಲ್ಲೊಂದು. ಕೆರೆ ತುಂಬುವುದು ಅಪರೂಪವಾದಂತೆ ಬೋರ್ ಕೊರೆಯುವುದು ಹೆಚ್ಚಾಯಿತು. ಕೆಳಗಿರುವುದು ಗ್ರಾನೈಟ್ ಜಾತಿಯ ಗಟ್ಟಿ ಬಂಡೆ. ಅದರಲ್ಲಿರುವ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಅದು ಮೆಲ್ಲಗೆ ಕರಗಿ ಸೇರುತ್ತದೆ. ಭಾರತದ ಕುಡಿಯುವ ನೀರಿನ ಮಾನದಂಡ ಹೇಳುವ ಪ್ರಕಾರ ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಒಳಗೆ ಫ್ಲೋರೈಡ್ ಇದ್ದರೆ ಒಳ್ಳೆಯದು. ಬೇರೆ ನೀರು ಸಿಗದೇ ಇದ್ದರೆ 1.5 ಮಿಲಿಗ್ರಾಂವರೆಗೆ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5 ಮಿಲಿಗ್ರಾಮೇ.

ಮಗುವಿನ ದವಡೆಯೊಳಗೆ ಶಾಶ್ವತ ಹಲ್ಲುಗಳು ತಯಾರಾಗುತ್ತಿರುವ ಕಾಲದಲ್ಲಿ, ಅಂದರೆ ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ, ಮೈಗೆ ಫ್ಲೋರೈಡ್ ಹೆಚ್ಚಾಗಿ ಸೇರಿದರೆ ಹಲ್ಲಿನ ಹೊರಕವಚವಾದ ಎನಾಮೆಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಸಣ್ಣ ಸಣ್ಣ ರಂಧ್ರಗಳು ಉಳಿದುಬಿಡುತ್ತವೆ. ಹಲ್ಲು ಹುಟ್ಟುವಾಗ ಸುಣ್ಣದ ಬಿಳುಪಿನಂತೆ ಕಾಣುತ್ತದೆ. ಆಮೇಲೆ ಆ ರಂಧ್ರಗಳಿಗೆ ಹೊರಗಿನ ಬಣ್ಣ ಹಿಡಿದು ಹಳದಿ, ಕಂದು ಆಗುತ್ತದೆ. ಇದಕ್ಕೆ ಡೆಂಟಲ್ ಫ್ಲೋರೋಸಿಸ್ ಎನ್ನುತ್ತಾರೆ. ಇದು ಕೊಳಕಲ್ಲ, ಹಲ್ಲುಜ್ಜದ ಸೋಮಾರಿತನವಲ್ಲ, ಹುಳುಕೂ ಅಲ್ಲ. ಮಕ್ಕಳನ್ನು ಕ್ಲಾಸಿನಲ್ಲಿ ನಿಲ್ಲಿಸಿ "ಹಲ್ಲುಜ್ಜಿಲ್ವೇನೋ" ಎಂದು ಕೇಳುವವರು ಇದನ್ನು ದಯವಿಟ್ಟು ಎರಡು ಸಲ ಓದಿ. ಎಷ್ಟು ತಿಕ್ಕಿದರೂ ಆ ಬಣ್ಣ ಹೋಗುವುದಿಲ್ಲ, ಏಕೆಂದರೆ ಅದಿರುವುದು ಹಲ್ಲಿನ ಪದರದ ಒಳಗೆ.

ಹಾಗೆಂದು ಇದ್ದಿಲು, ಇಟ್ಟಿಗೆ ಪುಡಿ, ಉಪ್ಪು, ಅಡುಗೆ ಸೋಡಾಕ್ಕೆ ನಿಂಬೆಹಣ್ಣು ಹಿಂಡಿ ತಿಕ್ಕುವ ವಿಡಿಯೋಗಳ ಹಿಂದೆ ಹೋಗಬೇಡಿ. ನಿಂಬೆರಸದ ಆಮ್ಲ ಎನಾಮೆಲ್ ಅನ್ನು ಮೆತ್ತಗೆ ಮಾಡುತ್ತದೆ, ಒರಟು ಪುಡಿ ಅದನ್ನು ಕೆರೆದು ತೆಗೆಯುತ್ತದೆ. ಫ್ಲೋರೋಸಿಸ್ ಆದ ಹಲ್ಲಿನಲ್ಲಿ ಎನಾಮೆಲ್ ಮೊದಲೇ ದುರ್ಬಲ. ಬಣ್ಣ ಹೋಗುವ ಬದಲು ತಣ್ಣೀರು ಕುಡಿದರೆ ಜುಂ ಅನ್ನುವ ಹಲ್ಲು ನಿಮ್ಮದಾಗುತ್ತದೆ.

ಒಂದೇ ಫ್ಲೋರೈಡ್, ಎರಡು ಮುಖ

ಇಲ್ಲೇ ಗೊಂದಲ ಶುರುವಾಗುವುದು. ನೀರಿನ ಫ್ಲೋರೈಡ್ ಹಲ್ಲು ಕೆಡಿಸುತ್ತದೆ ಎಂದಾದರೆ ಪೇಸ್ಟಿಗೆ ಅದನ್ನೇ ಯಾಕೆ ಹಾಕುತ್ತಾರೆ? ಈ ಪ್ರಶ್ನೆ ತಪ್ಪಲ್ಲ. ಇದಕ್ಕೆ ಉತ್ತರ ಸಿಗದೇ ಇದ್ದಾಗಲೇ "ಫ್ಲೋರೈಡ್ ವಿಷ" ಅನ್ನುವ ಫಾರ್ವರ್ಡ್ ಓಡುವುದು.

ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ ಬಂದ. ಅಲ್ಲಿ ಹುಟ್ಟಿ ಬೆಳೆದವರ ಹಲ್ಲೆಲ್ಲ ಕಂದು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಮೆಕೇ ಅದರ ಬೆನ್ನು ಹತ್ತಿದ. ಆ ಕಾಲದ ದೊಡ್ಡ ದಂತತಜ್ಞ ಜಿ.ವಿ. ಬ್ಲ್ಯಾಕ್ ಕೂಡ ಜೊತೆಗೂಡಿದ. ಅವರು ಕಂಡುಕೊಂಡ ವಿಚಿತ್ರ ಏನೆಂದರೆ, ಆ ಕಂದು ಹಲ್ಲುಗಳಲ್ಲಿ ಹುಳುಕು ಕಡಿಮೆ ಇತ್ತು. ಕಾರಣ ನೀರಿನ ಫ್ಲೋರೈಡ್ ಎಂದು ಗೊತ್ತಾಗಲು 1931ರವರೆಗೆ ಕಾಯಬೇಕಾಯಿತು. ಅದನ್ನು ಪತ್ತೆ ಹಚ್ಚಿದ್ದು ಒಂದು ಅಲ್ಯೂಮಿನಿಯಂ ಕಂಪನಿಯ ಪ್ರಯೋಗಾಲಯದ ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ. ನಮ್ಮ ದೇಶದಲ್ಲಿ 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆಯಿಂದ ಫ್ಲೋರೋಸಿಸ್ ಮೊದಲು ವರದಿಯಾಯಿತು. ಅಲ್ಲಿ ಹಲ್ಲಷ್ಟೇ ಅಲ್ಲ, ಮೂಳೆಗಳೂ ಬಗ್ಗಿ ಬಿಗಿದುಕೊಂಡಿದ್ದವು.

ವ್ಯತ್ಯಾಸ ಇರುವುದು ಪ್ರಮಾಣದಲ್ಲಿ, ವಯಸ್ಸಿನಲ್ಲಿ, ಮತ್ತೆ ಫ್ಲೋರೈಡ್ ಹೋಗುವ ದಾರಿಯಲ್ಲಿ. ಹೊಟ್ಟೆಗೆ ಹೋಗಿ ರಕ್ತದ ಮೂಲಕ, ಇನ್ನೂ ರೂಪುಗೊಳ್ಳುತ್ತಿರುವ ಹಲ್ಲನ್ನು ತಲುಪುವ ಹೆಚ್ಚುವರಿ ಫ್ಲೋರೈಡ್ ಕಲೆ ಮಾಡುತ್ತದೆ. ಹುಟ್ಟಿ ಮುಗಿದ ಹಲ್ಲಿನ ಮೈಗೆ ಹೊರಗಿನಿಂದ ತಾಗುವ ಸ್ವಲ್ಪ ಫ್ಲೋರೈಡ್, ಆಮ್ಲ ತಿಂದುಹಾಕಿದ ಖನಿಜವನ್ನು ಮತ್ತೆ ಕೂರಿಸಲು ನೆರವಾಗುತ್ತದೆ. ಬಾಯಿಯ ಹಲ್ಲೆಲ್ಲ ಬಂದಾದ ಮೇಲೆ ಪೇಸ್ಟಿನಿಂದ ಹೊಸದಾಗಿ ಡೆಂಟಲ್ ಫ್ಲೋರೋಸಿಸ್ ಬರಲು ಸಾಧ್ಯವೇ ಇಲ್ಲ. ಪೇಸ್ಟನ್ನು ಉಗಿಯುತ್ತೇವೆ, ನೀರನ್ನು ನುಂಗುತ್ತೇವೆ.

ಬಿ.ಜಿ. ಕೆರೆಯ ಹಿರಿಯರಿಗಾಗಲಿ ಕಾಲೇಜು ಹುಡುಗರಿಗಾಗಲಿ ಇದರ ಅರ್ಥ ಇಷ್ಟೇ: ಕುಡಿಯಲು ಫ್ಲೋರೈಡ್ ಕಡಿಮೆ ಇರುವ ನೀರು, ಉಜ್ಜಲು ಫ್ಲೋರೈಡ್ ಇರುವ ಪೇಸ್ಟ್. ಎರಡೂ ಒಟ್ಟಿಗೆ ಸರಿ. ನಮ್ಮಲ್ಲಿ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರಬಾರದೆಂಬ ನಿಯಮವಿದೆ, ಎಷ್ಟಿದೆ ಎಂದು ಟ್ಯೂಬಿನ ಮೇಲೆ ಬರೆದಿರಬೇಕು. ಬುಡದ ಬಣ್ಣದ ಪಟ್ಟಿ ಬಿಟ್ಟು ಆ ಅಕ್ಷರ ಓದಿ. ಆ ಪಟ್ಟಿ ಕಾರ್ಖಾನೆಯ ಯಂತ್ರಕ್ಕೆ ಟ್ಯೂಬನ್ನು ಎಲ್ಲಿ ಕತ್ತರಿಸಿ ಎಲ್ಲಿ ಮಡಚಬೇಕೆಂದು ತೋರಿಸುವ ಗುರುತು, ಅಷ್ಟೇ. ಹಸಿರಿದ್ದರೆ ಗಿಡಮೂಲಿಕೆ, ಕಪ್ಪಿದ್ದರೆ ಕೆಮಿಕಲ್ ಅನ್ನುವುದು ಯಾರೋ ಕಟ್ಟಿದ ಕಥೆ. ಸಂವಹನ ಓದಿದ ನನಗೆ ಈ ಫಾರ್ವರ್ಡ್ ಮೇಲೆ ಒಂಥರಾ ಗೌರವವೇ ಇದೆ. ಎಲ್ಲರ ಬಚ್ಚಲಲ್ಲೂ ಇರುವ ವಸ್ತು, ಯಾರೂ ಗಮನಿಸದ ಗುರುತು, ತಕ್ಷಣ ಎದ್ದು ಹೋಗಿ ನೋಡಬಹುದಾದ ಪುರಾವೆ! ಸುಳ್ಳು ಹರಡಲು ಇನ್ನೇನು ಬೇಕು?

ಆರು ವರ್ಷದೊಳಗಿನ ಮಕ್ಕಳ ವಿಷಯ ಬೇರೆ. ಅವರು ಪೇಸ್ಟ್ ನುಂಗುತ್ತಾರೆ, ಅವರ ಹಲ್ಲುಗಳು ಇನ್ನೂ ಒಳಗೆ ತಯಾರಾಗುತ್ತಿರುತ್ತವೆ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಪೇಸ್ಟ್ ಸಾಕು ಅನ್ನುವುದು ಸಾಮಾನ್ಯ ಸಲಹೆ. ನಿಮ್ಮೂರಿನ ನೀರಿನಲ್ಲೇ ಫ್ಲೋರೈಡ್ ಹೆಚ್ಚಿದ್ದರೆ ಇಷ್ಟು ಚಿಕ್ಕ ಮಕ್ಕಳಿಗೆ ಯಾವ ಪೇಸ್ಟ್ ಕೊಡಬೇಕೆಂದು ದಂತವೈದ್ಯರನ್ನೇ ಕೇಳಿ. ಉಜ್ಜುವಾಗ ದೊಡ್ಡವರು ಪಕ್ಕದಲ್ಲಿರಬೇಕು.

ನೀರಿನ ಬಗ್ಗೆ ಇನ್ನೊಂದು ಮಾತು. "ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತದೆ" ಅನ್ನುವುದು ಸುಳ್ಳು. ಕುದಿಸಿದಾಗ ಆವಿಯಾಗುವುದು ನೀರು, ಫ್ಲೋರೈಡ್ ಅಲ್ಲ. ಆದ್ದರಿಂದ ಉಳಿದ ನೀರಿನಲ್ಲಿ ಅದು ಸ್ವಲ್ಪ ದಟ್ಟವೇ ಆಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದ ಆರ್‌ಓ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಅದು ತೆಗೆಯುತ್ತದೆ. ಎಷ್ಟೋ ಮನೆಗಳಲ್ಲಿ ಕ್ಯಾನ್ ನೀರು ಕುಡಿಯಲು ಮಾತ್ರ. ಮುದ್ದೆ, ಸಾರು, ಟೀ, ಮಗುವಿನ ರಾಗಿ ಸರಿ ಎಲ್ಲಾ ಬೋರ್ ನೀರಿನಲ್ಲೇ. ಆ ಫ್ಲೋರೈಡೂ ಹೊಟ್ಟೆಗೇ ಹೋಗುವುದು. ಮನೆಯಲ್ಲಿ ಎಂಟು ವರ್ಷದೊಳಗಿನ ಮಗುವಿದ್ದರೆ ಅದರ ಅಡುಗೆಗಾದರೂ ಒಳ್ಳೆಯ ನೀರು ಬಳಸಿ. ತುಂಗಭದ್ರಾ ಹಿನ್ನೀರಿನಿಂದ ಪಾವಗಡ, ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ಹಳ್ಳಿಗಳಿಗೆ ಕುಡಿಯುವ ನೀರು ತರುವ ಯೋಜನೆ ಹುಟ್ಟಿಕೊಂಡಿದ್ದರ ಹಿಂದೆಯೂ ಈ ಫ್ಲೋರೈಡಿನ ಸಮಸ್ಯೆಯೇ ಇದೆ. ನಿಮ್ಮ ನಲ್ಲಿಗೆ ಬರುತ್ತಿರುವುದು ನದಿ ನೀರೋ ಬೋರ್ ನೀರೋ ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳುವುದು ನಿಮ್ಮ ಹಕ್ಕು. ನೀರು ಪರೀಕ್ಷೆಯ ಫಲಿತಾಂಶವನ್ನೂ ಕೇಳಿ.

ಹಾಗಾದರೆ ಕಂದು ಹಲ್ಲಿನವರಿಗೆ ಹುಳುಕು ಬರುವುದೇ ಇಲ್ಲವೇ? ಬರುತ್ತದೆ. ಫ್ಲೋರೋಸಿಸ್ ಲಘುವಾಗಿದ್ದರೆ ಹುಳುಕು ಕಡಿಮೆ ಇರುವುದುಂಟು. ಅದು ಜೋರಾಗಿ ಹಲ್ಲಿನ ಮೇಲೆ ಗುಳಿ ಬಿದ್ದಿದ್ದರೆ ಆ ಗುಳಿಗಳಲ್ಲೇ ಅನ್ನ, ಸಕ್ಕರೆ ಸಿಕ್ಕಿಕೊಂಡು ಹುಳುಕು ಹೆಚ್ಚಬಹುದು. "ನಮ್ಮೂರ ನೀರಿಗೆ ಹುಳುಕು ಹಿಡಿಯಲ್ಲ" ಅನ್ನುವ ಧೈರ್ಯ ಬೇಡ.

ಹುಳ ಎಲ್ಲಿದೆ?

ನಾವು "ಹಲ್ಲಿಗೆ ಹುಳ ಬಿದ್ದಿದೆ" ಎನ್ನುತ್ತೇವೆ, ಹುಳುಕುಹಲ್ಲು ಎನ್ನುತ್ತೇವೆ. ಮಾತಿನಲ್ಲಿ ಹುಳ ಇದೆ, ಹಲ್ಲಿನಲ್ಲಿ ಇಲ್ಲ. ಸಾವಿರಾರು ವರ್ಷ ಹಿಂದೆ ಬ್ಯಾಬಿಲೋನಿನವರೂ ಹಲ್ಲಿನ ಹುಳವನ್ನು ನಂಬಿದ್ದರು. ಫ್ರಾನ್ಸಿನ ಪಿಯರೆ ಫೋಶಾರ್ 1728ರಲ್ಲಿ ಹಲ್ಲಿನ ಚಿಕಿತ್ಸೆಯ ಬಗ್ಗೆ ದೊಡ್ಡ ಪುಸ್ತಕ ಬರೆದು ಅಂಥ ಹುಳ ತನ್ನ ಕಣ್ಣಿಗಂತೂ ಬಿದ್ದಿಲ್ಲ ಎಂದ. ನಮ್ಮ ಸಂತೆಗಳಲ್ಲಿ ನೆಲಗುಳ್ಳದ ಬೀಜದ ಹೊಗೆ ಹಿಡಿಸಿ ಹುಳ ಉದುರಿಸುವವರು ಮಾತ್ರ ಇನ್ನೂ ಇದ್ದಾರೆ. ಬಟ್ಟಲಿನಲ್ಲಿ ಬೀಳುವ ಬಿಳಿ ಎಳೆ ಹಲ್ಲಿನಿಂದ ಬಂದದ್ದಲ್ಲ. ಬೀಜ ಬಿಸಿಗೆ ಸಿಡಿದಾಗ ಹೊರಬೀಳುವ ಒಳಗಿನ ಮೊಳಕೆ ಅದು. "ಆದರೆ ನೋವು ನಿಂತಿತಲ್ಲ?" ಎಂದು ಕೇಳುವವರಿದ್ದಾರೆ. ಹುಳುಕು ಒಳಗಿನ ನರದವರೆಗೆ ಹೋಗಿ ಆ ನರ ಸತ್ತರೆ ನೋವು ತಾನಾಗಿಯೇ ನಿಲ್ಲುತ್ತದೆ. ಹೊಗೆಯವನಿಗೆ ಹೆಸರು ಬರುತ್ತದೆ, ಬೇರಿನ ತುದಿಯಲ್ಲಿ ಸದ್ದಿಲ್ಲದೆ ಕೀವು ಕಟ್ಟುತ್ತದೆ.

ನಿಜವಾಗಿ ನಡೆಯುವುದು ಹೀಗೆ. ಹಲ್ಲಿನ ಮೇಲೆ ಅಂಟಂಟು ಪೊರೆಯಾಗಿ ಬ್ಯಾಕ್ಟೀರಿಯಾಗಳು ಕೂತಿರುತ್ತವೆ. ನಾವು ತಿಂದ ಸಕ್ಕರೆಯನ್ನು ಅವು ಆಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲತೆ ಒಂದು ಮಟ್ಟ ದಾಟಿದರೆ ಎನಾಮೆಲಿನಿಂದ ಖನಿಜ ಕರಗತೊಡಗುತ್ತದೆ. ಎಂಜಲು ಅದನ್ನು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಸರಿಪಡಿಸಿಕೊಳ್ಳುತ್ತದೆ, ಆ ಬಿಡುವು ಕೊಟ್ಟರೆ. ಇಲ್ಲೇ ನಾವು ಸೋಲುವುದು. ಮಗ್ಗದ ಮುಂದೆ ಕೂತು ಗಂಟೆಗೊಂದು ಲೋಟ ಸಿಹಿ ಟೀ ಕುಡಿದರೆ, ಅಂಗಡಿಯಲ್ಲಿ ಕೂತು ಮಧ್ಯೆ ಮಧ್ಯೆ ಬಿಸ್ಕತ್ತು ಬಾಯಿಗೆ ಹಾಕಿದರೆ ಎಂಜಲಿಗೆ ಬಿಡುವೇ ಸಿಗುವುದಿಲ್ಲ. ಎಷ್ಟು ಸಕ್ಕರೆ ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ಅನ್ನುವುದು ಇಲ್ಲಿ ಹೆಚ್ಚು ಮುಖ್ಯ. ಹೋಳಿಗೆ ಊಟದ ಜೊತೆ ತಿಂದರೆ ಆಗುವ ಹಾನಿ ಕಡಿಮೆ, ಅದೇ ಸಿಹಿಯನ್ನು ದಿನವಿಡೀ ಚೂರು ಚೂರು ತಿಂದರೆ ಹೆಚ್ಚು. ಸ್ವೀಡನ್ನಿನ ವಿಪೆಹೋಮ್ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ನಡೆದ ಪ್ರಯೋಗ ಇದನ್ನು ತೋರಿಸಿತು. ಬುದ್ಧಿಮಾಂದ್ಯ ರೋಗಿಗಳ ಮೇಲೆ, ಅವರ ಒಪ್ಪಿಗೆ ಇಲ್ಲದೆ, ಅಂಟು ಮಿಠಾಯಿ ತಿನ್ನಿಸಿ ಮಾಡಿದ ಪ್ರಯೋಗ ಅದು. ಇವತ್ತು ಯಾರೂ ಅದಕ್ಕೆ ಅನುಮತಿ ಕೊಡುವುದಿಲ್ಲ, ಕೊಡಲೂ ಬಾರದು.

ಕ್ಯಾಪ್ ಅಂದರೆ ಏನು?

ಹುಳುಕು ತೀರಾ ಆಳಕ್ಕೆ ಹೋದ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡುತ್ತಾರೆ. ಒಳಗಿನ ನರ, ರಕ್ತನಾಳ ತೆಗೆದು ಸ್ವಚ್ಛಗೊಳಿಸಿ ತುಂಬುತ್ತಾರೆ. ಹುಳುಕು ಕೊರೆದು, ಡಾಕ್ಟರೂ ಕೊರೆದು, ಉಳಿದ ಹಲ್ಲಿನ ಗೋಡೆ ತೆಳುವಾಗಿರುತ್ತದೆ. ಗಟ್ಟಿಯಾದದ್ದು ಕಡಿದರೆ ಸೀಳಬಹುದು. ಆದ್ದರಿಂದ ಸುತ್ತಲೂ ಅರೆದು ಮೇಲೊಂದು ಹೊದಿಕೆ ಅಂಟಿಸುತ್ತಾರೆ. ದಂತವೈದ್ಯರು ಅದಕ್ಕೆ ಕ್ರೌನ್ ಎನ್ನುತ್ತಾರೆ, ನಾವು ಕ್ಯಾಪ್ ಎನ್ನುತ್ತೇವೆ. ಬರೀ ಲೋಹದ್ದು ಇದೆ, ಒಳಗೆ ಲೋಹ ಹೊರಗೆ ಪಿಂಗಾಣಿ ಇರುವುದಿದೆ, ಜಿರ್ಕೋನಿಯಾ ಇದೆ. ಕಾಣದ ಹಿಂದಿನ ಹಲ್ಲಿಗೆ ಅಗ್ಗದ ಲೋಹದ ಕ್ಯಾಪ್ ಕೂಡ ಒಳ್ಳೆಯ ಕೆಲಸ ಮಾಡುತ್ತದೆ. ದುಬಾರಿಯದ್ದೇ ಬೇಕೆಂದೇನಿಲ್ಲ.

ಈ ಕೆಲಸಕ್ಕೆ ಕ್ಯಾಪ್ ಸರಿ. ಆದರೆ ಬಣ್ಣ ಮುಚ್ಚಲು?

ಪೂರ್ತಿ ಕ್ಯಾಪ್ ಕೂರಬೇಕಾದರೆ ಹಲ್ಲನ್ನು ಸುತ್ತಲೂ ಒಂದರಿಂದ ಎರಡು ಮಿಲಿಮೀಟರ್ ಅರೆಯಬೇಕು. ಮುಂದಿನ ಹಲ್ಲು ಎಷ್ಟು ತೆಳುವೆಂದು ಕನ್ನಡಿ ನೋಡಿ. ಹೊರಗೆ ಕಾಣುವ ಹಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಪುಡಿಯಾಗಿ ಹೋಗುತ್ತದೆ. ಉಳಿದ ಮೋಟು ಹಲ್ಲಿನ ನರ ಆ ಏಟಿಗೆ ಮುಂದೆಂದಾದರೂ ಸತ್ತು ರೂಟ್ ಕೆನಾಲ್ ಬೇಕಾಗುವುದೂ ಉಂಟು. ಚೆನ್ನಾಗಿ ನೋಡಿಕೊಂಡ ಕ್ಯಾಪ್ 10–15 ವರ್ಷ ಬರುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. 22ನೇ ವಯಸ್ಸಿನಲ್ಲಿ ಹಾಕಿಸಿಕೊಂಡವರು ಬದುಕಿನಲ್ಲಿ ಎರಡು ಮೂರು ಸಲ ಅದನ್ನು ಬದಲಾಯಿಸಬೇಕಾದೀತು. ಪ್ರತಿ ಸಲವೂ ಉಳಿದ ಹಲ್ಲು ಇನ್ನಷ್ಟು ಕಡಿಮೆಯಾಗುತ್ತದೆ, ಖರ್ಚು ಹೆಚ್ಚುತ್ತದೆ.

ಫ್ಲೋರೋಸಿಸ್ ಕಲೆಗೆ ಬೇರೆ ದಾರಿಗಳಿವೆ. ಮೇಲಿನ ತೀರಾ ತೆಳು ಪದರವನ್ನು ಔಷಧಿ ಹಚ್ಚಿ ಉಜ್ಜಿ ತೆಗೆಯುವುದು, ದಂತವೈದ್ಯರ ಕೈಯಲ್ಲೇ ಬ್ಲೀಚಿಂಗ್, ರಂಧ್ರಗಳಿಗೆ ರಾಳದಂಥ ದ್ರವ ಇಳಿಸುವುದು, ಹಲ್ಲಿನ ಬಣ್ಣದ ಕಾಂಪೋಸಿಟ್ ಹಚ್ಚುವುದು, ಮುಂಭಾಗಕ್ಕಷ್ಟೇ ತೆಳುವಾದ ವೆನೀರ್ ಅಂಟಿಸುವುದು. ಕಲೆ ಎಷ್ಟು ಆಳವಿದೆ ಅನ್ನುವುದರ ಮೇಲೆ ಯಾವುದು ಹೊಂದುತ್ತದೆಂದು ನಿರ್ಧಾರವಾಗುತ್ತದೆ. ಹಲ್ಲು ತೀರಾ ಗುಳಿಬಿದ್ದು ಮುರಿಯುವಂತಿದ್ದರೆ ಮಾತ್ರ ಕ್ಯಾಪಿನ ಮಾತು. ನಿಮ್ಮನ್ನು ನೋಡಿದ ಮೊದಲ ದಿನವೇ ಆರು ಕ್ಯಾಪ್ ಎಂದರೆ, "ಹಲ್ಲು ಅರೆಯದೆ ಏನಾದರೂ ಮಾಡಬಹುದಾ ಡಾಕ್ಟ್ರೇ?" ಎಂದು ಕೇಳಿ. ಉತ್ತರ ಸಮಾಧಾನ ತರದಿದ್ದರೆ ಇನ್ನೊಬ್ಬರ ಹತ್ತಿರ ತೋರಿಸಿ. ಚಿತ್ರದುರ್ಗದಲ್ಲಿ ಎಸ್‌ಜೆಎಂ ದಂತ ವೈದ್ಯಕೀಯ ಕಾಲೇಜು ಇದೆ, ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜು ಇದೆ, ದಾವಣಗೆರೆಯಲ್ಲಿ ಬಾಪೂಜಿ ದಂತ ಕಾಲೇಜು ಇದೆ. ಹೆದ್ದಾರಿಯ ಮೇಲೇ ಇರುವ ಬಿ.ಜಿ. ಕೆರೆಯವರಿಗೆ ಚಿತ್ರದುರ್ಗ, ಬಳ್ಳಾರಿ ಎರಡಕ್ಕೂ ಬಸ್ಸಿದೆ. ಕಾಲೇಜು ಆಸ್ಪತ್ರೆಗಳಲ್ಲಿ ಸಮಯ ಹಿಡಿಯುತ್ತದೆ, ಸಾಮಾನ್ಯವಾಗಿ ಖರ್ಚು ಕಡಿಮೆ. ರಸ್ತೆ ಬದಿಯಲ್ಲಿ ಕೂತು "ಫಿಕ್ಸ್ ಹಲ್ಲು" ಅಂಟಿಸುವವರ ಹತ್ತಿರ ಮಾತ್ರ ಬೇಡ. ಬಿಡಿಎಸ್ ಓದಿ ನೋಂದಣಿ ಇರುವವರು ಮಾತ್ರ ದಂತವೈದ್ಯರು.

ಕ್ಯಾಪಿನ ಕೆಳಗೆ ಏನಾಗುತ್ತದೆ?

ಈಗ ಮೊದಲ ಫಾರ್ವರ್ಡಿಗೆ ಬರೋಣ. ಕ್ಯಾಪಿಗೆ ಹುಳುಕು ಹಿಡಿಯುವುದಿಲ್ಲ ಅನ್ನುವುದು ನಿಜ. ಅದು ಲೋಹ ಅಥವಾ ಪಿಂಗಾಣಿ, ಆಮ್ಲಕ್ಕೆ ಹಾಗೆ ಕರಗುವುದಿಲ್ಲ. ಆದರೆ ಕ್ಯಾಪ್ ವಸಡಿನ ಹತ್ತಿರ ಎಲ್ಲೋ ಒಂದು ಕಡೆ ಮುಗಿಯಲೇಬೇಕು. ಅಲ್ಲಿಂದ ಕೆಳಗೆ ಇರುವುದು ನಿಮ್ಮ ಸ್ವಂತ ಹಲ್ಲು. ಮನೆಗೆ ಹೊಸ ತಗಡಿನ ಮಾಡು ಹಾಕಿಸಿದ್ದೀರಿ ಅಂದುಕೊಳ್ಳಿ. ಮಾಡಿಗೆ ಗೆದ್ದಲು ಹತ್ತುವುದಿಲ್ಲ ನಿಜ, ಅದು ಕೂತಿರುವ ತೊಲೆಗೆ ಹತ್ತುತ್ತದೆ. ಕ್ಯಾಪ್ ಮತ್ತು ಹಲ್ಲು ಕೂಡುವ ಆ ಗೆರೆಯಲ್ಲಿ ಪೊರೆ ಕಟ್ಟಿದರೆ ಹುಳುಕು ಅಲ್ಲಿಂದಲೇ ಒಳಗೆ ನುಗ್ಗುತ್ತದೆ. ವಯಸ್ಸಾದಂತೆ ವಸಡು ಕೆಳಗೆ ಸರಿದರೆ ಹಲ್ಲಿನ ಬೇರೂ ತೆರೆದುಕೊಳ್ಳುತ್ತದೆ. ಅದರ ಮೇಲೆ ಎನಾಮೆಲ್ ಇಲ್ಲ, ಇನ್ನೂ ಬೇಗ ಕರಗುತ್ತದೆ.

ಇದರಲ್ಲಿ ಮೋಸ ಮಾಡುವುದು ನೋವಿನ ಗೈರುಹಾಜರಿ. ರೂಟ್ ಕೆನಾಲ್ ಆದ ಹಲ್ಲಿನೊಳಗೆ ನರ ಇಲ್ಲ. ಕ್ಯಾಪಿನ ಕೆಳಗೆ ಹುಳುಕು ಎಷ್ಟು ತಿಂದರೂ ಹಲ್ಲು ನಿಮಗೆ ಹೇಳುವುದಿಲ್ಲ. ಒಂದು ದಿನ ಶೇಂಗಾ ಚಿಕ್ಕಿ ಕಡಿದಾಗ ಕ್ಯಾಪ್ ಕೈಗೆ ಬರುತ್ತದೆ, ಅದರೊಳಗೆ ಹಲ್ಲಿನ ಮೋಟೂ ಮುರಿದು ಕೂತಿರುತ್ತದೆ. "ನಿನ್ನೆವರೆಗೂ ಚೆನ್ನಾಗೇ ಇತ್ತು" ಎಂದು ಎಲ್ಲರೂ ಹೇಳುವುದು ಇದಕ್ಕೇ. ಆ ಹಲ್ಲನ್ನು ಕೀಳುವುದೇ ಗತಿ ಆಗುವುದು ಹೆಚ್ಚು.

ಹಾಗಾಗಿ ಬ್ರಷ್ ಮುಖ್ಯವಾಗಿ ಹೋಗಬೇಕಾದ ಜಾಗ ಕ್ಯಾಪಿನ ಹೊಳೆಯುವ ಮೈ ಅಲ್ಲ, ವಸಡಿನ ಗೆರೆ. ಮೆತ್ತನೆಯ ಬ್ರಷ್ ಹಿಡಿದು, ಅದನ್ನು ವಸಡಿನ ಕಡೆ ಓರೆಯಾಗಿ ವಾಲಿಸಿ, ಸಣ್ಣಗೆ ಆಡಿಸಿ. ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದರೆ ವಸಡು ಸವೆದು ಹಿಂದೆ ಸರಿಯುತ್ತದೆ, ಗೆರೆ ಇನ್ನಷ್ಟು ತೆರೆದುಕೊಳ್ಳುತ್ತದೆ. ಬೇವಿನ ಕಡ್ಡಿ ಬಳಸುವವರು ಅದನ್ನೇ ಬಳಸಲಿ, ಆದರೆ ತುದಿಯನ್ನು ಚೆನ್ನಾಗಿ ಜಗಿದು ಮೆತ್ತಗೆ ಮಾಡಿಕೊಳ್ಳಲಿ. ಕ್ಯಾಪ್ ಇರುವ ಹಲ್ಲಿಗೆ ಕಡ್ಡಿಯೊಂದೇ ಸಾಲದು, ರಾತ್ರಿ ಫ್ಲೋರೈಡ್ ಪೇಸ್ಟ್ ಬೇಕು. ರಾತ್ರಿ ಉಜ್ಜುವುದು ಬೆಳಿಗ್ಗೆಗಿಂತ ಮುಖ್ಯ. ನಿದ್ದೆಯಲ್ಲಿ ಎಂಜಲು ಕಡಿಮೆ ಸುರಿಯುತ್ತದೆ, ತೊಳೆಯುವವರಿಲ್ಲ. ಉಜ್ಜಿದ ಮೇಲೆ ನೊರೆ ಉಗಿಯಿರಿ, ಆದರೆ ಚೊಂಬುಗಟ್ಟಲೆ ನೀರಿನಿಂದ ಬಾಯಿ ಮುಕ್ಕಳಿಸಬೇಡಿ. ಹಲ್ಲಿಗೆ ಅಂಟಿದ ಸ್ವಲ್ಪ ಫ್ಲೋರೈಡ್ ರಾತ್ರಿಯೆಲ್ಲ ಕೆಲಸ ಮಾಡಲಿ.

ಕ್ಯಾಪಿನ ಎರಡೂ ಪಕ್ಕದ ಸಂದಿಗೆ ಬ್ರಷ್ ತಲುಪುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಹಲ್ಲಿನ ದಾರ, ಅಂದರೆ ಫ್ಲಾಸ್, ಸಿಗುತ್ತದೆ. ಸಂದಿ ದೊಡ್ಡದಿದ್ದರೆ ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂಥ ಪುಟ್ಟ ಬ್ರಷ್ ಕೂಡ ಸಿಗುತ್ತದೆ. ದಿನಕ್ಕೊಂದು ಸಲ ಸಾಕು. ಪೊರಕೆ ಕಡ್ಡಿ, ಸೇಫ್ಟಿ ಪಿನ್ ಹಾಕಿ ಕೆದಕುವುದು ಬೇಡ. ಸಾಲಾಗಿ ಮೂರ್ನಾಲ್ಕು ಹಲ್ಲು ಸೇರಿಸಿ ಹಾಕಿದ ಬ್ರಿಡ್ಜ್ ಇದ್ದರೆ ಅದರ ಅಡಿಯಿಂದ ದಾರ ತೂರಿಸುವುದು ಹೇಗೆಂದು ಹಾಕಿದವರ ಹತ್ತಿರವೇ ಒಂದು ಸಲ ತೋರಿಸಿಕೊಳ್ಳಿ.

ತಿನ್ನುವುದರಲ್ಲಿ ಕಟ್ಟುನಿಟ್ಟು ಕಡಿಮೆಯೇ. ಮುದ್ದೆ ನುಂಗುವವರಿಗೆ ಹೇಗೂ ಕಷ್ಟವಿಲ್ಲ! ಹುರಿದ ಶೇಂಗಾ ತಿನ್ನಬಹುದು. ಬೆಲ್ಲದ ಗಟ್ಟಿ ಚಿಕ್ಕಿ, ಅಂಟಿಕೊಳ್ಳುವ ಮಿಠಾಯಿ ಕ್ಯಾಪನ್ನು ಎಳೆದು ತೆಗೆಯಬಹುದು, ಜೊತೆಗೆ ಹಲ್ಲಿನ ಸಂದಿಗೆ ಸಕ್ಕರೆಯನ್ನೂ ಮೆತ್ತುತ್ತವೆ. ಅಡಿಕೆ ಕಡಿಯುವುದು, ಸೋಡಾ ಬಾಟಲಿಯ ಮುಚ್ಚಳ ಹಲ್ಲಿನಲ್ಲಿ ತೆಗೆಯುವುದು, ಕಬ್ಬು ಸೀಳುವುದು, ಮೂಳೆ ಒಡೆಯುವುದು ಬೇಡ. ಸೀರೆ ನೇಯುವವರು, ಟೈಲರುಗಳು ದಾರವನ್ನು ಹಲ್ಲಿನಲ್ಲಿ ಕತ್ತರಿಸುವ ರೂಢಿ ಇದೆ. ಮುಂದಿನ ಕ್ಯಾಪಿನ ಪಿಂಗಾಣಿ ಚಕ್ಕೆ ಏಳಲು ಅಷ್ಟು ಸಾಕು. ಕತ್ತರಿ ಕೈಗೆಟುಕುವಲ್ಲಿ ಇರಲಿ. ಗುಟ್ಕಾ, ಕಡ್ಡಿಪುಡಿಯಿಂದ ವಸಡು ಕೆಡುತ್ತದೆ, ಬಾಯಿ ಕ್ಯಾನ್ಸರಿನ ಅಪಾಯವಂತೂ ಕ್ಯಾಪಿಗಿಂತ ಎಷ್ಟೋ ದೊಡ್ಡ ವಿಷಯ.

ವರ್ಷಕ್ಕೆ ಒಮ್ಮೆಯಾದರೂ ದಂತವೈದ್ಯರಿಗೆ ತೋರಿಸಿ, ನೋವಿಲ್ಲದಿದ್ದರೂ. ನೋವಿಲ್ಲದ ಹಲ್ಲನ್ನೇ ನೋಡಬೇಕಾಗಿರುವುದು. ಅಗತ್ಯವೆನಿಸಿದರೆ ಒಂದು ಸಣ್ಣ ಎಕ್ಸ್‌ರೇ ತೆಗೆದು ಗೆರೆಯ ಹತ್ತಿರ ಹುಳುಕು ಇದೆಯೇ ಎಂದು ನೋಡುತ್ತಾರೆ. ಕ್ಯಾಪಿನ ಅಂಚಿನಲ್ಲಿ ಕಪ್ಪು ಗೆರೆ ಕಂಡರೆ ಗಾಬರಿ ಬೇಡ. ಲೋಹದ ಮೇಲೆ ಪಿಂಗಾಣಿ ಹಚ್ಚಿದ ಕ್ಯಾಪಿನಲ್ಲಿ ವಸಡು ಸರಿದಾಗ ಒಳಗಿನ ಲೋಹ ಹಾಗೆ ಕಾಣುವುದುಂಟು. ಅದು ಲೋಹವೋ ಹುಳುಕೋ ಎಂದು ತೋರಿಸಿಯೇ ತಿಳಿಯಬೇಕು. ಬಾಯಿ ವಾಸನೆ, ಆ ಒಂದು ಹಲ್ಲಿನ ಸುತ್ತ ಮಾತ್ರ ರಕ್ತ, ಕಚ್ಚಿದಾಗ ಕ್ಯಾಪ್ ಅಲ್ಲಾಡಿದ ಹಾಗೆ ಅನಿಸುವುದು, ವಸಡಿನ ಮೇಲೆ ಮೊಡವೆಯಂಥ ಗುಳ್ಳೆ, ಇವು ಕಂಡರೆ ತಡ ಮಾಡಬೇಡಿ.

ಕ್ಯಾಪ್ ಬಿದ್ದೇಹೋದರೆ?

ಹಬ್ಬದ ದಿನವೋ ಜಾತ್ರೆಯಲ್ಲೋ ಬೀಳುವುದೇ ಹೆಚ್ಚು, ಅವತ್ತೇ ತಾನೇ ಕಂಡಿದ್ದೆಲ್ಲ ತಿನ್ನುವುದು. ಕ್ಯಾಪನ್ನು ಎಸೆಯಬೇಡಿ. ನೀರಿನಲ್ಲಿ ತೊಳೆದು ಮಾತ್ರೆ ಡಬ್ಬಿಯಲ್ಲೋ ಕುಂಕುಮದ ಭರಣಿಯಲ್ಲೋ ಇಟ್ಟುಕೊಳ್ಳಿ. ಒಳಗಿನ ಹಲ್ಲು ಚೆನ್ನಾಗಿದ್ದರೆ ಅದನ್ನೇ ಮತ್ತೆ ಅಂಟಿಸಬಹುದು, ಹೊಸದರ ಖರ್ಚು ಉಳಿಯುತ್ತದೆ. ಫೆವಿಕ್ವಿಕ್ ಹಚ್ಚಿ ನೀವೇ ಕೂರಿಸುವ ಸಾಹಸ ಬೇಡ. ಒಂದು ಕೂದಲೆಳೆಯಷ್ಟು ಓರೆಯಾಗಿ ಕೂತರೂ ಕಚ್ಚುವ ಲೆಕ್ಕ ತಪ್ಪುತ್ತದೆ, ಅಂಟು ವಸಡನ್ನು ಸುಡುತ್ತದೆ, ಆಮೇಲೆ ಡಾಕ್ಟರು ಅದನ್ನು ಬಿಡಿಸುವಷ್ಟರಲ್ಲಿ ಹಲ್ಲೇ ಮುರಿಯಬಹುದು. ರಾತ್ರಿ ಬಾಯಲ್ಲಿ ಸಡಿಲವಾಗಿ ಇಟ್ಟುಕೊಂಡು ಮಲಗಿದರೆ ನಿದ್ದೆಯಲ್ಲಿ ಶ್ವಾಸನಾಳಕ್ಕೆ ಜಾರುವ ಅಪಾಯವಿದೆ. ತೆರೆದ ಮೋಟು ಹಲ್ಲನ್ನು ಎಂದಿನಂತೆ ಮೆಲ್ಲಗೆ ಉಜ್ಜಿ, ಆ ಕಡೆಯಿಂದ ಅಗಿಯಬೇಡಿ. ಎರಡು ಮೂರು ದಿನದೊಳಗೆ ದಂತವೈದ್ಯರ ಹತ್ತಿರ ಹೋಗಿ. ವಾರಗಟ್ಟಲೆ ಬಿಟ್ಟರೆ ಪಕ್ಕದ ಹಲ್ಲುಗಳು ಆ ಖಾಲಿ ಜಾಗಕ್ಕೆ ಸರಿಯುತ್ತವೆ, ಡಬ್ಬಿಯಲ್ಲಿಟ್ಟ ಕ್ಯಾಪ್ ಆಮೇಲೆ ಕೂರುವುದಿಲ್ಲ. ಹಾಕಿಸುವಾಗ ಕೊಟ್ಟ ಬಿಲ್ಲು, ವಾರಂಟಿ ಕಾರ್ಡು ಇದ್ದರೆ ಅದನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಯಾವ ಲೋಹ, ಯಾವ ವರ್ಷ ಹಾಕಿದ್ದು ಎಂದು ಅದರಲ್ಲಿ ಬರೆದಿರುತ್ತದೆ.